ಒಂದೇ ಊರು, ಮೂರು ವಿಶ್ವವಿದ್ಯಾನಿಲಯ: ತುಮಕೂರಿನ ಕಾಲೇಜು ಕಾಗದಗಳು ಉಳಿಯುವುದು ಹೇಗೆ?

ತುಮಕೂರಿನ ಒಂದು ಮನೆಯಲ್ಲಿ ಮೂರು ತಲೆಮಾರಿನವರು ಪದವಿ ಓದಿದ್ದಾರೆ ಅಂದುಕೊಳ್ಳಿ. 1960ಕ್ಕೂ ಮೊದಲು ಓದು ಮುಗಿಸಿದ ತಾತನ ಸರ್ಟಿಫಿಕೇಟಿನ ಮೇಲೆ ಮೈಸೂರು ವಿಶ್ವವಿದ್ಯಾನಿಲಯದ ಮುದ್ರೆ ಇರುತ್ತದೆ. ಎಂಬತ್ತರ ದಶಕದಲ್ಲಿ ಓದಿದ ಮಗನದರ ಮೇಲೆ ಬೆಂಗಳೂರು ವಿಶ್ವವಿದ್ಯಾನಿಲಯ. ಈಚೆಗೆ ಡಿಗ್ರಿ ಮುಗಿಸಿದ ಮೊಮ್ಮಗಳದರ ಮೇಲೆ ತುಮಕೂರು ವಿಶ್ವವಿದ್ಯಾನಿಲಯ. ಮನೆ ಬದಲಾಗಿಲ್ಲ, ಊರು ಬದಲಾಗಿಲ್ಲ. ಆದರೆ ಈ ಮೂವರ ದಾಖಲೆ ಹುಡುಕಬೇಕೆಂದರೆ ಮೂರು ಊರಿಗೆ ಹೋಗಬೇಕು.

ಮೈಸೂರು ವಿಶ್ವವಿದ್ಯಾನಿಲಯ ಶುರುವಾಗಿದ್ದು 1916ರಲ್ಲಿ. ಅದರಿಂದ 1964ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯ ಬೇರೆಯಾಯಿತು. ಅದರಿಂದ 2004ರಲ್ಲಿ ತುಮಕೂರು ವಿಶ್ವವಿದ್ಯಾನಿಲಯ ಬೇರೆಯಾಯಿತು. ಎಂಜಿನಿಯರಿಂಗ್ ಓದಿದವರದ್ದು ಇನ್ನೂ ಬೇರೆ ದಾರಿ. 1963ರಲ್ಲಿ ಶುರುವಾದ ಸಿದ್ಧಗಂಗಾ ತಾಂತ್ರಿಕ ಮಹಾವಿದ್ಯಾಲಯದಂಥ ಕಾಲೇಜುಗಳು 1998ರ ನಂತರ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬಂದವು. ಕೋಲಾರ, ಚಿಕ್ಕಬಳ್ಳಾಪುರದವರಿಗೂ ಇದೇ ಕಥೆ. ಅಲ್ಲಿ 2007ರಲ್ಲಿ ಜಿಲ್ಲೆಯೇ ಎರಡಾಯಿತು. ಹತ್ತು ವರ್ಷದ ನಂತರ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಬಂತು.

ಹೀಗೆ ವ್ಯಾಪ್ತಿ ಬದಲಾದಾಗೆಲ್ಲ ಕಾಲೇಜಿನ ಬೋರ್ಡು ಬದಲಾಗುತ್ತದೆ, ಸೀಲು ಬದಲಾಗುತ್ತದೆ. ಹಳೇ ಕಾಗದ ಎಲ್ಲಿಗೆ ಹೋಗುತ್ತದೆ? ಒಂದಷ್ಟು ಹಳೇ ವಿಶ್ವವಿದ್ಯಾನಿಲಯದಲ್ಲೇ ಉಳಿಯುತ್ತದೆ. ಒಂದಷ್ಟು ಕಾಲೇಜಿನ ಬೀರುವಿನಲ್ಲಿ ಇರುತ್ತದೆ. ಇನ್ನೊಂದಷ್ಟು ನಿವೃತ್ತ ಮೇಷ್ಟ್ರ ಮನೆಯ ಅಟ್ಟದ ಮೇಲೆ. ಉಳಿದದ್ದು ರದ್ದಿ ಅಂಗಡಿಗೆ. ಈ ಚದುರಿದ ಕಾಗದವನ್ನು ಒಂದು ಕ್ರಮಕ್ಕೆ ತಂದು, ಮುಂದಿನವರು ಹುಡುಕಿದರೆ ಸಿಗುವ ಹಾಗೆ ಇಡುವ ವ್ಯವಸ್ಥೆಯೇ ಪತ್ರಾಗಾರ. ವಿಶ್ವವಿದ್ಯಾನಿಲಯಕ್ಕೆ ಇಂಥ ಪತ್ರಾಗಾರ ಯಾಕೆ ಬೇಕು, ಅದು ಒಳಗೆ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ನೋಡೋಣ.

ಗ್ರಂಥಾಲಯ ಇದೆಯಲ್ಲ, ಸಾಲದೇ?

ಈ ಪ್ರಶ್ನೆ ಎಲ್ಲರಿಗೂ ಬರುತ್ತದೆ, ಬರಲೇಬೇಕು. ಗ್ರಂಥಾಲಯದಲ್ಲಿರುವುದು ಅಚ್ಚಾದ ಪುಸ್ತಕ. ಒಂದು ಪ್ರತಿ ಕಳೆದರೆ ಇನ್ನೊಂದು ತರಿಸಬಹುದು. ಪತ್ರಾಗಾರದಲ್ಲಿರುವುದು ಕೆಲಸ ನಡೆಯುವಾಗ ತಾನಾಗಿ ಹುಟ್ಟಿಕೊಂಡ ಕಾಗದ. ಸಿಂಡಿಕೇಟ್ (ವಿಶ್ವವಿದ್ಯಾನಿಲಯದ ಆಡಳಿತ ಮಂಡಳಿ) ಸಭೆಯ ನಡಾವಳಿ, ಪ್ರವೇಶದ ರಿಜಿಸ್ಟರ್, ಹಾಸ್ಟೆಲ್ ಮೆಸ್ಸಿನ ಲೆಕ್ಕ, ವಿದ್ಯಾರ್ಥಿ ಸಂಘದ ಕರಪತ್ರ, ಕಟ್ಟಡದ ನಕ್ಷೆ, ವಾರ್ಷಿಕೋತ್ಸವದ ಫೋಟೊ. ಇವು ಸಾಮಾನ್ಯವಾಗಿ ಒಂದೇ ಪ್ರತಿ ಇರುತ್ತವೆ. ಹೋದರೆ ಹೋದವು.

ತಾಳೆಗರಿ, ಹಸ್ತಪ್ರತಿ ಇಡುವ ಭಂಡಾರಗಳು ಇನ್ನೊಂದು ಬಗೆ. ನಮ್ಮ ಕಡೆ ಅವಕ್ಕೆ ದೊಡ್ಡ ಪರಂಪರೆಯೇ ಇದೆ. ಮೈಸೂರಿನ ಓರಿಯಂಟಲ್ ಗ್ರಂಥಾಲಯ 1891ರಲ್ಲಿ ಶುರುವಾಯಿತು, ಆಮೇಲೆ ಮೈಸೂರು ವಿಶ್ವವಿದ್ಯಾನಿಲಯದ ಭಾಗವಾಯಿತು. 1905ರಲ್ಲಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದ್ದು ಅಲ್ಲಿಯೇ. ಈ ಕಥೆ ಎಲ್ಲರಿಗೂ ಗೊತ್ತು. ಅದರಲ್ಲಿ ಒಂದು ಸಣ್ಣ ವಿಷಯ ನನ್ನನ್ನು ಸದಾ ಕಾಡುತ್ತದೆ. ಆ ಓಲೆಗರಿ ಕಟ್ಟನ್ನು ತಂದುಕೊಟ್ಟವರು ಯಾರು? ತಂಜಾವೂರು ಕಡೆಯ ಒಬ್ಬ ಪಂಡಿತರು ಎಂದಷ್ಟೇ ಹೇಳುತ್ತಾರೆ. ಜಗತ್ತಿಗೆ ಅಷ್ಟು ದೊಡ್ಡ ಗ್ರಂಥ ಕೊಟ್ಟವರ ಹೆಸರು ಕಥೆಯಲ್ಲಿ ಇಲ್ಲ.

ಪತ್ರಾಗಾರಕ್ಕೆ ಮೊದಲು ಒಂದು ರಿಜಿಸ್ಟರ್ ಬೇಕಾಗುವುದು ಇದಕ್ಕೇ. ಅದಕ್ಕೆ ಸ್ವೀಕೃತಿ ರಿಜಿಸ್ಟರ್ ಅನ್ನಬಹುದು. ಒಂದು ಪೆಟ್ಟಿಗೆ ಬಾಗಿಲ ಒಳಗೆ ಬಂದ ಕೂಡಲೇ ಅದಕ್ಕೊಂದು ನಂಬರ್ ಬೀಳಬೇಕು. ಯಾರು ಕೊಟ್ಟರು, ಯಾವತ್ತು ಕೊಟ್ಟರು, ಅವರ ಕೈಗೆ ಹೇಗೆ ಬಂದಿತ್ತು, ಎಷ್ಟು ಫೈಲು, ಯಾವ ಷರತ್ತು. ಈ ಐದು ಸಂಗತಿ ಅವತ್ತೇ ಬರೆಯದಿದ್ದರೆ ಹತ್ತು ವರ್ಷದ ನಂತರ ಹೇಳುವವರು ಇರುವುದಿಲ್ಲ.

ಯಾರ ಕಾಗದವೋ ಅವರ ಹೆಸರಲ್ಲೇ

ಈಗ ಇಡೀ ವಿಷಯದ ಹೃದಯಕ್ಕೆ ಬರೋಣ. ಗ್ರಂಥಾಲಯದಲ್ಲಿ ಪುಸ್ತಕಗಳನ್ನು ವಿಷಯದ ಪ್ರಕಾರ ಜೋಡಿಸುತ್ತಾರೆ. ಇತಿಹಾಸ ಒಂದು ಕಡೆ, ರಸಾಯನಶಾಸ್ತ್ರ ಒಂದು ಕಡೆ. ಪತ್ರಾಗಾರದಲ್ಲಿ ಹಾಗೆ ಮಾಡಿದರೆ ಕೆಟ್ಟಿತು. ಅಲ್ಲಿ ಕಾಗದವನ್ನು ಹುಟ್ಟಿಸಿದವರ ಪ್ರಕಾರ ಜೋಡಿಸಬೇಕು. ಪರೀಕ್ಷಾ ವಿಭಾಗದ್ದು ಪರೀಕ್ಷಾ ವಿಭಾಗದ ಹೆಸರಲ್ಲೇ. ಕನ್ನಡ ವಿಭಾಗದ್ದು ಕನ್ನಡ ವಿಭಾಗದ ಹೆಸರಲ್ಲೇ. ಒಬ್ಬ ನಿವೃತ್ತ ಪ್ರಾಧ್ಯಾಪಕರು ಕೊಟ್ಟ ಕಾಗದ ಅವರ ಸಂಗ್ರಹವಾಗಿಯೇ ಉಳಿಯಬೇಕು. ಅದರಲ್ಲಿನ ಫೋಟೊ ತೆಗೆದು ಫೋಟೊ ಆಲ್ಬಮ್ಮಿಗೆ, ಪತ್ರ ತೆಗೆದು ಪತ್ರದ ಫೈಲಿಗೆ ಸೇರಿಸಬಾರದು. ಜೊತೆಗೆ ಎರಡನೇ ನಿಯಮ: ಅವರು ಯಾವ ಕ್ರಮದಲ್ಲಿ ಇಟ್ಟುಕೊಂಡಿದ್ದರೋ ಅದೇ ಕ್ರಮವನ್ನು ಸಾಧ್ಯವಾದಷ್ಟು ಕಾಪಾಡಬೇಕು. ಯುರೋಪಿನ ಪತ್ರಾಗಾರಗಳಲ್ಲಿ ಹತ್ತೊಂಬತ್ತನೇ ಶತಮಾನದಲ್ಲಿ ಬೆಳೆದ ಪದ್ಧತಿ ಇದು. 1898ರಲ್ಲಿ ನೆದರ್‌ಲ್ಯಾಂಡ್ಸಿನ ಮೂವರು ಪತ್ರಾಗಾರದವರು ಸೇರಿ ಇದನ್ನು ಕೈಪಿಡಿಯಾಗಿ ಬರೆದರು. ಇವತ್ತಿಗೂ ಜಗತ್ತಿನ ಎಲ್ಲ ಕಡೆ ಇದೇ ಆಧಾರ.

ಯಾಕಿಷ್ಟು ಕಟ್ಟುನಿಟ್ಟು? ನಮ್ಮ ಕಚೇರಿ ಫೈಲನ್ನೇ ತೆಗೆದುಕೊಳ್ಳಿ. ಪಾವಗಡದಂಥ ತಾಲ್ಲೂಕಿನ ಒಂದು ಕಾಲೇಜು ಹೊಸ ಕೋರ್ಸು ಬೇಕೆಂದು ಅರ್ಜಿ ಹಾಕಿದೆ ಅನ್ನೋಣ. ಫೈಲಿನ ಒಂದು ಬದಿಯಲ್ಲಿ ಪತ್ರವ್ಯವಹಾರ, ಇನ್ನೊಂದು ಬದಿಯಲ್ಲಿ ಟಿಪ್ಪಣಿ ಹಾಳೆ. ಪ್ರಿನ್ಸಿಪಾಲರ ಅರ್ಜಿ ಬಂತು. ವಿಷಯ ನಿರ್ವಾಹಕರು ಟಿಪ್ಪಣಿಯಲ್ಲಿ ನಿಯಮ ಬರೆದರು. ಅಧೀಕ್ಷಕರು ‘ಪ್ರಯೋಗಾಲಯ ಇಲ್ಲ’ ಎಂದು ಸೇರಿಸಿದರು. ಸ್ಥಳೀಯ ವಿಚಾರಣಾ ಸಮಿತಿ ಹೋಗಿ ನೋಡಿಬಂತು. ಕುಲಸಚಿವರು ಅಂಚಿನಲ್ಲಿ ‘ಚರ್ಚಿಸಿ’ ಎಂದು ಬರೆದು ಸಹಿ ಹಾಕಿದರು. ಎಷ್ಟೋ ತಿಂಗಳ ನಂತರ ಒಂದು ಸಾಲಿನ ಆದೇಶ ಹೊರಬಿತ್ತು.

ಆ ಆದೇಶ ಗೆಜೆಟ್ಟಿನಲ್ಲೋ ಸುತ್ತೋಲೆಯಲ್ಲೋ ಸಿಗಬಹುದು. ಆದರೆ ಆ ಊರಿನ ಹುಡುಗಿಯರು ಬಿಎಸ್ಸಿ ಓದಲು ಇನ್ನೂ ಎರಡು ವರ್ಷ ಕಾಯಬೇಕಾಗಿ ಬಂದದ್ದು ಯಾಕೆ ಎಂಬುದು ಟಿಪ್ಪಣಿ ಹಾಳೆಯಲ್ಲಿ ಮಾತ್ರ ಇರುತ್ತದೆ. ಯಾರೋ ಒಳ್ಳೆಯ ಮನಸ್ಸಿನಿಂದಲೇ ‘ಮುಖ್ಯ ಪತ್ರಗಳು’ ಎಂದು ಕುಲಪತಿಗಳ ಸಹಿ ಇರುವ ಹಾಳೆಗಳನ್ನು ಮಾತ್ರ ಕಿತ್ತು ಬೇರೆ ಫೈಲು ಮಾಡಿದರೆ ಈ ಕಥೆ ಅಲ್ಲಿಗೆ ಮುಗಿಯಿತು. ಹಾಳೆ ಉಳಿದಿರುತ್ತದೆ, ಅರ್ಥ ಹೋಗಿರುತ್ತದೆ. ಒಂದು ಸಂಸಾರದ ಜಗಳದಲ್ಲಿ ಒಬ್ಬರ ಮಾತನ್ನು ಮಾತ್ರ ಕೇಳಿಸಿಕೊಂಡ ಹಾಗೆ ಅದು.

ಮೂರು ವಿಶ್ವವಿದ್ಯಾನಿಲಯಗಳ ನಮ್ಮ ಕಥೆಗೂ ಇದೇ ನಿಯಮ ಅನ್ವಯಿಸುತ್ತದೆ. ಬೆಂಗಳೂರು ವಿಶ್ವವಿದ್ಯಾನಿಲಯದ ಕಾಲದಲ್ಲಿ ಅಲ್ಲಿನ ಕಚೇರಿಯಲ್ಲಿ ಹುಟ್ಟಿದ ಫೈಲು ಬೆಂಗಳೂರಿನದೇ. ಅದನ್ನು ಕಿತ್ತು ತುಮಕೂರಿಗೆ ತರಬೇಕು ಎಂದು ಹಟ ಮಾಡುವುದು ಬೇಡ. ಬೇಕಾಗಿರುವುದು ‘ಈ ಕಾಲೇಜಿನ ಇಂಥ ವರ್ಷದ ದಾಖಲೆ ಇಂಥಲ್ಲಿ, ಇಂಥ ಹೆಸರಿನ ಸಂಗ್ರಹದಲ್ಲಿ ಇದೆ’ ಎಂದು ಹೇಳುವ ಒಂದು ಪಟ್ಟಿ. ಮೂರೂ ಕಡೆಯವರು ಕೂತು ಅದನ್ನು ಮಾಡಿಕೊಂಡರೆ ತುಮಕೂರಿನಲ್ಲಿ ಕೂತ ಸಂಶೋಧಕರಿಗೆ ದಾರಿ ಸಿಗುತ್ತದೆ. ಪತ್ರಾಗಾರದಲ್ಲಿ ಇದಕ್ಕೆ ಶೋಧಸೂಚಿ ಅನ್ನುತ್ತಾರೆ. ಸಂಗ್ರಹ ಎಷ್ಟೇ ದೊಡ್ಡದಿರಲಿ, ಶೋಧಸೂಚಿ ಇಲ್ಲದಿದ್ದರೆ ಅದು ಬರೀ ಗೋಡೌನು.

ಯಾವುದನ್ನು ಇಡಬೇಕು?

ಎಲ್ಲವನ್ನೂ ಇಡಲು ಆಗುವುದಿಲ್ಲ, ಇಡಲೂ ಬಾರದು. ಕಚೇರಿಯಲ್ಲಿ ಹುಟ್ಟುವ ಕಾಗದದಲ್ಲಿ ಶಾಶ್ವತವಾಗಿ ಉಳಿಸಬೇಕಾದದ್ದು ಸಣ್ಣ ಪಾಲು ಮಾತ್ರ. ನಮ್ಮ ಸರ್ಕಾರಿ ಕಚೇರಿಗಳಲ್ಲಿ ಫೈಲು ಮುಗಿದಾಗ ಎ, ಬಿ, ಸಿ ಎಂದು ವರ್ಗ ಹಾಕುವ ಪದ್ಧತಿ ಇದ್ದೇ ಇದೆ. ‘ಎ’ ಎಂದರೆ ಶಾಶ್ವತ. ಕೆಳಗಿನ ವರ್ಗದವು ಕೆಲವು ವರ್ಷವಾದ ಮೇಲೆ ನಾಶ. ತೊಂದರೆ ಏನೆಂದರೆ ಈ ವರ್ಗ ಹಾಕುವಾಗ ಯೋಚಿಸುವುದು ಆಡಳಿತದ ದೃಷ್ಟಿಯಿಂದ. ಮುಂದೆ ಆಡಿಟ್ಟಿಗೆ, ಕೋರ್ಟಿಗೆ, ಪಿಂಚಣಿಗೆ ಬೇಕಾಗುತ್ತದೆಯೇ ಎಂಬ ಲೆಕ್ಕ. ಜನಜೀವನದ ಇತಿಹಾಸಕ್ಕೆ ಬೇಕಾಗುತ್ತದೆಯೇ ಎಂದು ಕೇಳುವವರು ಆ ಟೇಬಲ್ಲಿನ ಹತ್ತಿರ ಇರುವುದಿಲ್ಲ.

ಹಾಸ್ಟೆಲ್ ಮೆಸ್ಸಿನ ಪುಸ್ತಕವನ್ನೇ ನೋಡಿ. ಆಡಳಿತಕ್ಕೆ ಅದು ಆಡಿಟ್ ಮುಗಿದ ಮೇಲೆ ಕಸ. ಆದರೆ ವಾರಕ್ಕೆ ಎಷ್ಟು ರಾಗಿ, ಎಷ್ಟು ಅಕ್ಕಿ, ಯಾವ ವರ್ಷದಿಂದ ಮುದ್ದೆ ಕಡಿಮೆಯಾಗಿ ಅನ್ನ ಜಾಸ್ತಿಯಾಯಿತು, ಬರಗಾಲದ ವರ್ಷ ತರಕಾರಿಯ ಕಾಲಂ ಖಾಲಿ ಇದೆಯೇ, ಹಬ್ಬಕ್ಕೆ ಎಷ್ಟು ಹುಡುಗರು ಊರಿಗೆ ಹೋದರು, ಎಷ್ಟು ಹುಡುಗರು ಬಸ್ ಚಾರ್ಜಿಲ್ಲದೆ ಹಾಸ್ಟೆಲ್ಲಿನಲ್ಲೇ ಉಳಿದರು ಎಂಬ ಪ್ರಶ್ನೆಗಳಿಗೆ ಉತ್ತರ ಸಿಗುವುದು ಅಂಥ ಪುಸ್ತಕದಲ್ಲಿ. ತುಮಕೂರಿನ ಮಟ್ಟಿಗೆ ಇದು ಸಣ್ಣ ವಿಷಯವೇ ಅಲ್ಲ. ಈ ಊರು ಓದಿನ ಊರಾದದ್ದೇ ಊಟ ಮತ್ತು ವಸತಿಯಿಂದ. ಸಿದ್ಧಗಂಗಾ ಮಠದ ಶಿವಕುಮಾರ ಸ್ವಾಮೀಜಿಯವರು 2019ರಲ್ಲಿ ಲಿಂಗೈಕ್ಯರಾಗುವ ತನಕ ನಡೆಸಿದ ದಾಸೋಹದಲ್ಲಿ ಜಾತಿ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ಆಶ್ರಯ, ಅಕ್ಷರ ಸಿಕ್ಕಿತು. ಇವತ್ತಿಗೂ ಸಿಗುತ್ತಿದೆ. ಅದರ ಜೊತೆಗೆ ಸಮಾಜ ಕಲ್ಯಾಣದ ಹಾಸ್ಟೆಲ್ಲುಗಳು, ಹಿಂದುಳಿದ ವರ್ಗದ ಹಾಸ್ಟೆಲ್ಲುಗಳು, ಬೇರೆ ಬೇರೆ ಸಮುದಾಯದವರು ಕಟ್ಟಿದ ವಿದ್ಯಾರ್ಥಿನಿಲಯಗಳು. ಶಿರಾ, ಮಧುಗಿರಿ, ಕೊರಟಗೆರೆ ಕಡೆಯ ಹಳ್ಳಿಗಳಿಂದ ಬಂದ ಮಕ್ಕಳು ಮೊದಲು ಹಾಸ್ಟೆಲ್ ಸೀಟು ಹುಡುಕಿ ಆಮೇಲೆ ಕಾಲೇಜು ಸೇರಿದವರು. ವಿಶ್ವವಿದ್ಯಾನಿಲಯದ ಇತಿಹಾಸ ಬರೆಯುವವರು ಕುಲಪತಿಗಳ ಪಟ್ಟಿ ಬರೆದು ನಿಲ್ಲಿಸಿದರೆ ಈ ಮಕ್ಕಳು ಎಲ್ಲಿ ಬರುತ್ತಾರೆ?

ಹಳೇ ಪ್ರವೇಶ ರಿಜಿಸ್ಟರ್ ಒಂದನ್ನು ತೆರೆದರೂ ಇದೇ ಸಿಗುತ್ತದೆ. ಹೆಸರು, ತಂದೆ ಅಥವಾ ಪೋಷಕರ ಹೆಸರು, ಊರು, ಜಾತಿ, ಹುಟ್ಟಿದ ತಾರೀಖು, ಹಿಂದೆ ಓದಿದ ಶಾಲೆ, ಟಿಸಿ ಪಡೆದ ದಿನ. ಪೋಷಕರ ವೃತ್ತಿಯ ಕಾಲಮ್ಮಿನಲ್ಲಿ ಸಾಲಾಗಿ ‘ಬೇಸಾಯ’, ‘ಬೇಸಾಯ’, ‘ಕೂಲಿ’, ‘ಬೇಸಾಯ’. ಅದರ ನಡುವೆ ಒಂದು ಹುಡುಗಿಯ ಹೆಸರು. ಮುಂದಿನ ಪುಟಗಳಲ್ಲಿ ಎರಡು. ಇನ್ನೊಂದು ಸಂಪುಟಕ್ಕೆ ಬರುವ ಹೊತ್ತಿಗೆ ಅರ್ಧ ಪುಟ. ಹುಟ್ಟಿದ ತಾರೀಖಿನ ಕಾಲಮ್ಮಿನಲ್ಲಿ ಜೂನ್ ಒಂದು ಎಂದು ಮತ್ತೆ ಮತ್ತೆ ಬಂದರೆ ಗಮನಿಸಿ. ಶಾಲೆಗೆ ಸೇರಿಸುವಾಗ ತಾರೀಖು ಗೊತ್ತಿಲ್ಲದೆ ಮೇಷ್ಟ್ರೇ ಬರೆದುಕೊಂಡದ್ದು ಅದು. ಮನೆಯಲ್ಲಿ ಅಕ್ಷರ ಕಲಿತ ಮೊದಲ ಮಗು ಯಾವುದು ಎಂದು ಆ ಒಂದು ಕಾಲಂ ಹೇಳಬಲ್ಲದು.

ಹಾಗಂತ ಉತ್ತರಪತ್ರಿಕೆಗಳನ್ನೆಲ್ಲ ಗುಡ್ಡೆ ಹಾಕಿಡಬೇಕಿಲ್ಲ. ಪ್ರಶ್ನೆಪತ್ರಿಕೆ ಮಾತ್ರ ಪ್ರತಿಯೊಂದರದ್ದೂ ಒಂದು ಪ್ರತಿ ಇರಲಿ. ಪಠ್ಯಕ್ರಮದ ಪುಸ್ತಕ, ಖಾಲಿ ಅರ್ಜಿ ನಮೂನೆ, ಬಸ್‌ಪಾಸಿನ ಫಾರಂ ಒಂದೊಂದು ಸಾಕು. ಪಿಎಚ್‌ಡಿ ಪ್ರಬಂಧಗಳ ಬಗ್ಗೆ ಅಷ್ಟು ಚಿಂತೆಯಿಲ್ಲ. ಅವು ಶೋಧಗಂಗಾ ಎಂಬ ರಾಷ್ಟ್ರೀಯ ಆನ್‌ಲೈನ್ ಸಂಗ್ರಹಕ್ಕೆ ಸೇರುತ್ತಿವೆ. ಪ್ರಬಂಧದ ಹಿಂದಿದ್ದ ಕ್ಷೇತ್ರಕಾರ್ಯದ ಟಿಪ್ಪಣಿ, ಕ್ಯಾಸೆಟ್ಟುಗಳ ಬಗ್ಗೆ ಮಾತ್ರ ನಿಜಕ್ಕೂ ಚಿಂತೆ ಮಾಡಬೇಕು. ನಮ್ಮ ಶಿರಾ, ಚಿಕ್ಕನಾಯಕನಹಳ್ಳಿ ಕಡೆ ಪಶುಪಾಲಕ ಸಮುದಾಯದ ಕಾಡುಗೊಲ್ಲರು ತಮ್ಮ ಆರಾಧ್ಯ ವೀರ ಜುಂಜಪ್ಪನ ಕಾವ್ಯ ಹಾಡುತ್ತಾರೆ. ಅಂಥ ಹಾಡನ್ನು ಹಟ್ಟಿಗೆ ಹೋಗಿ ಟೇಪ್‌ರೆಕಾರ್ಡರಿನಲ್ಲಿ ಹಿಡಿದವರು ಇದ್ದಾರೆ. ಕ್ಯಾಸೆಟ್ಟಿನ ಕಾಂತೀಯ ಪದರ ವರ್ಷ ಕಳೆದಂತೆ ಸಡಿಲವಾಗುತ್ತದೆ. ಬೂಷ್ಟು ಹಿಡಿಯುತ್ತದೆ. ಅದನ್ನು ನುಡಿಸುವ ಯಂತ್ರವೇ ಸಿಗುವುದು ಕಷ್ಟವಾಗಿದೆ. ಹಾಡಿದವರು ಈಗ ಇಲ್ಲದಿರಬಹುದು. ಆ ದನಿ ಆ ಒಂದು ಕ್ಯಾಸೆಟ್ಟಿನಲ್ಲಿ ಮಾತ್ರ ಇರಬಹುದು.

ಪತ್ರಿಕೆಯಲ್ಲಿ ಬಂದದ್ದು ಮತ್ತು ಬಾರದ್ದು

ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಮೂಢನಂಬಿಕೆಗಳನ್ನೂ ವೈಜ್ಞಾನಿಕವಾಗಿ ಪರೀಕ್ಷಿಸಲು ಒಂದು ಸಮಿತಿ ಮಾಡಿದರು. ಪವಾಡ ಮಾಡುತ್ತೇವೆ ಎನ್ನುವವರು ಬಂದು ತೋರಿಸಲಿ ಎಂದು ಕರೆದರು. ದೇಶವೇ ಆ ಬಗ್ಗೆ ಮಾತಾಡಿತು. ಪರವಾಗಿ, ವಿರೋಧವಾಗಿ ಪತ್ರಿಕೆಗಳು ಪುಟಗಟ್ಟಲೆ ಬರೆದವು. ಆ ಪತ್ರಿಕೆಗಳು ಇವತ್ತು ಗ್ರಂಥಾಲಯದಲ್ಲಿ ಸಿಗುತ್ತವೆ.

ಆದರೆ ಇಂಥ ಒಂದು ಘಟನೆಯ ಸುತ್ತ ವಿಶ್ವವಿದ್ಯಾನಿಲಯದ ಒಳಗೆ ಎಷ್ಟು ಬಗೆಯ ಕಾಗದ ಹುಟ್ಟುತ್ತದೆ ಯೋಚಿಸಿ. ಸಮಿತಿ ರಚಿಸಿದ ಆದೇಶ, ಸಭೆಯ ನಡಾವಳಿ, ಸದಸ್ಯರ ನಡುವಿನ ಭಿನ್ನಾಭಿಪ್ರಾಯ, ಕಳಿಸಿದ ಪತ್ರದ ಕಾರ್ಬನ್ ಪ್ರತಿ, ಊರೂರಿನಿಂದ ಜನ ಬರೆದ ಕಾರ್ಡು. ಬೈದು ಬರೆದ ಕಾರ್ಡು, ‘ನಮ್ಮೂರಿಗೂ ಬನ್ನಿ’ ಎಂದು ಕರೆದ ಕಾರ್ಡು. ಐವತ್ತು ವರ್ಷದ ನಂತರ ಒಬ್ಬ ವಿದ್ಯಾರ್ಥಿ ಆ ಕಾಲದ ಜನರ ಮನಸ್ಸು ಹೇಗಿತ್ತು ಎಂದು ತಿಳಿಯಬೇಕಾದರೆ ಸಂಪಾದಕೀಯಕ್ಕಿಂತ ಆ ಕಾರ್ಡುಗಳು ಮುಖ್ಯ. ಟಪಾಲು ರಿಜಿಸ್ಟರಿನಲ್ಲಿ ನಂಬರ್ ಬಿದ್ದು, ಉತ್ತರ ಹೋಗಿ, ಫೈಲು ಮುಚ್ಚಿದ ಮೇಲೆ ಅಂಥ ಕಾರ್ಡು ಸಾಮಾನ್ಯವಾಗಿ ಕೆಳ ವರ್ಗಕ್ಕೇ ಸೇರುವುದು. ವರ್ಗ ಹಾಕುವ ಹೊತ್ತಿನಲ್ಲಿ ಪತ್ರಾಗಾರ ತಜ್ಞರೊಬ್ಬರು ಇರಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಕಾನೂನು ಇದಕ್ಕೆ ಅಡ್ಡಿಯಿಲ್ಲ, ಸಹಾಯವೇ ಇದೆ. 2005ರ ಮಾಹಿತಿ ಹಕ್ಕು ಕಾಯ್ದೆಯ ನಾಲ್ಕನೇ ಪ್ರಕರಣದ ಮೊದಲ ಮಾತೇ ಇದು: ಪ್ರತಿಯೊಂದು ಸಾರ್ವಜನಿಕ ಪ್ರಾಧಿಕಾರ ತನ್ನ ದಾಖಲೆಗಳನ್ನು ಪಟ್ಟಿ ಮಾಡಿ, ಸೂಚಿ ಮಾಡಿ ಇಡಬೇಕು. ಸರ್ಕಾರಿ ವಿಶ್ವವಿದ್ಯಾನಿಲಯವೂ ಸಾರ್ವಜನಿಕ ಪ್ರಾಧಿಕಾರವೇ. ಕೇಂದ್ರ ಸರ್ಕಾರದ ದಾಖಲೆಗಳಿಗೆ 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆ ಇದೆ. ದೇಶದ ರಾಷ್ಟ್ರೀಯ ಪತ್ರಾಗಾರಕ್ಕೆ 1891ರಿಂದ ನಡೆದುಬಂದ ಅನುಭವ ಇದೆ. ಬೆಂಗಳೂರಿನಲ್ಲಿ ರಾಜ್ಯ ಪತ್ರಾಗಾರ ಇಲಾಖೆ ಇದೆ. ಅಲ್ಲಿನ ಕೃಷಿ ವಿಶ್ವವಿದ್ಯಾನಿಲಯದ ಜಿಕೆವಿಕೆ ಆವರಣದಲ್ಲಿರುವ, ಜೀವವಿಜ್ಞಾನ ಸಂಶೋಧನೆಯ ಎನ್‌ಸಿಬಿಎಸ್ ಸಂಸ್ಥೆ 2019ರಲ್ಲಿ ತೆರೆದ ಪತ್ರಾಗಾರ ತನ್ನ ಸಂಸ್ಥೆಯದ್ದಷ್ಟೇ ಇಟ್ಟುಕೊಳ್ಳದೆ, ದೇಶದ ವಿಜ್ಞಾನದ ಇತಿಹಾಸಕ್ಕೆ ಸಂಬಂಧಿಸಿದ ಸಂಗ್ರಹಗಳನ್ನೂ ಸ್ವೀಕರಿಸುತ್ತದೆ. ತುಮಕೂರಿನಿಂದ ಬೆಳಗ್ಗೆ ರೈಲು ಹತ್ತಿದರೆ ನೋಡಿಕೊಂಡು ಸಂಜೆಗೆ ವಾಪಸ್ ಬರಬಹುದು. ಕೇಳಿ ಕಲಿಯಲು ಬೇಕಾದದ್ದು ಹತ್ತಿರದಲ್ಲೇ ಇದೆ ಅಂತ ಹೇಳಿದೆ ಅಷ್ಟೇ.

ಕಾಗದದ ಶತ್ರುಗಳು

ಹಳೇ ಕಾಗದಕ್ಕೆ ಗೆದ್ದಲು, ಹುಳ, ಇಲಿ, ಸೋರುವ ತಾರಸಿ ಇವೆಲ್ಲ ಗೊತ್ತಿರುವ ಶತ್ರುಗಳೇ. ನೆಲಮಹಡಿಯ ಮೂಲೆಕೋಣೆಗಿಂತ, ತಾರಸಿಯ ಕೆಳಗಿನ ಕೋಣೆಗಿಂತ, ಮಧ್ಯದ ಮಹಡಿ ಒಳ್ಳೆಯದು. ಕಬ್ಬಿಣದ ರ್‍ಯಾಕನ್ನು ಗೋಡೆಗೆ ತಾಗಿಸದೆ, ಕೆಳಗಿನ ಹಲಗೆ ನೆಲದಿಂದ ಎತ್ತರದಲ್ಲಿ ಇರುವಂತೆ ನಿಲ್ಲಿಸಬೇಕು. ಬಿಸಿಲು ನೇರ ಬೀಳಬಾರದು. ಗಾಳಿ ಆಡಬೇಕು. ತೇವ ಏರಿಳಿಯದೆ ಒಂದೇ ಮಟ್ಟದಲ್ಲಿದ್ದರೆ ಕಾಗದ ಹೆಚ್ಚು ಕಾಲ ಬಾಳುತ್ತದೆ.

ಜಾಸ್ತಿ ಹಾನಿ ಮಾಡುವುದು ನಾವು ಪ್ರೀತಿಯಿಂದ ಮಾಡುವ ಕೆಲಸಗಳು. ಹರಿದ ಕಡೆ ಸೆಲ್ಲೋಟೇಪ್ ಅಂಟಿಸುತ್ತೇವೆ. ಕೆಲವೇ ವರ್ಷದಲ್ಲಿ ಅದರ ಅಂಟು ಹಳದಿಯಾಗಿ ಕಾಗದದೊಳಗೆ ಇಳಿಯುತ್ತದೆ. ಆಮೇಲೆ ತೆಗೆಯಲು ಹೋದರೆ ಅಕ್ಷರವೂ ಬರುತ್ತದೆ. ಹಳೇ ಸರ್ಟಿಫಿಕೇಟಿಗೆ ಬಿಸಿ ಲ್ಯಾಮಿನೇಶನ್ ಮಾಡಿಸುತ್ತೇವೆ. ಅದನ್ನು ಬಿಡಿಸುವುದು ತಜ್ಞರಿಗೂ ಕಷ್ಟ. ಫೋಟೊದ ಹಿಂದೆ ಬಾಲ್‌ಪೆನ್ನಿನಲ್ಲಿ ಒತ್ತಿ ಹೆಸರು ಬರೆಯುತ್ತೇವೆ. ಗೆರೆ ಮುಂದಿನ ಬದಿಗೆ ಮೂಡುತ್ತದೆ. ಮೆತ್ತನೆಯ ಪೆನ್ಸಿಲ್ ಸಾಕು.

ಮತ್ತೊಂದು ಗುಂಡುಸೂಜಿ. ನಮ್ಮ ಪ್ರತಿ ಫೈಲಿನಲ್ಲೂ ಇರುವುದೇ. ತುಕ್ಕು ಹಿಡಿದು ಹಾಳೆಗೆ ಅಂಟಿಕೊಂಡಿರುತ್ತದೆ. ಎಳೆದರೆ ಮೂಲೆ ಕಿತ್ತುಬರುತ್ತದೆ. ತೆಗೆಯುವ ಕ್ರಮ ಹೀಗೆ. ಫೈಲನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಇಡಿ. ತೆಳುವಾದ, ಗಟ್ಟಿ ಪ್ಲಾಸ್ಟಿಕ್ ಹಾಳೆಯ ಸಣ್ಣ ತುಂಡನ್ನು ಸೂಜಿಗೂ ಕಾಗದಕ್ಕೂ ನಡುವೆ ಮೆಲ್ಲಗೆ ತೂರಿಸಿ. ತುಕ್ಕಿನ ಹಿಡಿತ ಬಿಡುತ್ತದೆ. ಆಮೇಲೆ ಕೆಳಬದಿಗೂ ಹಾಗೇ ಮಾಡಿ. ಸೂಜಿ ಸಡಿಲವಾದ ಮೇಲೆ ಬಂದ ದಾರಿಯಲ್ಲೇ ಹಿಂದಕ್ಕೆ ಸರಿಸಿ. ಹಾಳೆಗಳನ್ನು ಅದೇ ಕ್ರಮದಲ್ಲಿ ಆಮ್ಲವಿಲ್ಲದ ಕಾಗದದ ಮಡಿಕೆಯೊಳಗೆ ಇಟ್ಟು, ಹತ್ತಿಯ ಲಾಡಿಯಿಂದ ಸಡಿಲವಾಗಿ ಕಟ್ಟಿ. ರಬ್ಬರ್ ಬ್ಯಾಂಡ್ ಬೇಡವೇ ಬೇಡ. ತಾಳ್ಮೆ ಬೇಕಾದ ಕೆಲಸ, ಆದರೆ ಯಾವ ಪದವಿ ವಿದ್ಯಾರ್ಥಿಯೂ ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು.

ಹೊಸ ವಿಶ್ವವಿದ್ಯಾನಿಲಯದ ಹೊಸ ಕಷ್ಟ

ತುಮಕೂರು ವಿಶ್ವವಿದ್ಯಾನಿಲಯ ಹುಟ್ಟಿದ್ದು 2004ರಲ್ಲಿ. ಇಷ್ಟು ಚಿಕ್ಕ ವಯಸ್ಸಿನದಕ್ಕೆ ಪತ್ರಾಗಾರ ಯಾಕೆ ಎಂದು ಕೇಳಬಹುದು. ನಿಜ ಹೇಳಬೇಕೆಂದರೆ, ಅದರ ಮೊದಲ ಹತ್ತು ವರ್ಷದ ನೆನಪು 1950ರ ದಶಕದ ರಿಜಿಸ್ಟರಿಗಿಂತ ದೊಡ್ಡ ಅಪಾಯದಲ್ಲಿದೆ. ರಿಜಿಸ್ಟರ್ ಧೂಳು ತಿನ್ನುತ್ತಾ ಇನ್ನೂ ಅರವತ್ತು ವರ್ಷ ಕೂರಬಲ್ಲದು. ಕಂಪ್ಯೂಟರ್ ಫೈಲು ಹಾಗಲ್ಲ.

ಆ ಕಾಲದಲ್ಲಿ ನಮ್ಮ ಕಚೇರಿಗಳಲ್ಲಿ ಕನ್ನಡ ಟೈಪ್ ಮಾಡುತ್ತಿದ್ದದ್ದು ಹೆಚ್ಚಾಗಿ ನುಡಿ, ಬರಹದಂಥ ತಂತ್ರಾಂಶಗಳ ಹಳೇ ಅಕ್ಷರಶೈಲಿಯಲ್ಲಿ. ಎಲ್ಲ ಕಂಪ್ಯೂಟರಿನಲ್ಲೂ ಕನ್ನಡವನ್ನು ಕನ್ನಡವಾಗಿಯೇ ಗುರುತಿಸುವ ಯೂನಿಕೋಡ್ ಇನ್ನೂ ರೂಢಿಗೆ ಬಂದಿರಲಿಲ್ಲ. ಈ ಹಳೇ ಶೈಲಿಯ ಒಳಗುಟ್ಟು ಏನೆಂದರೆ, ಕಂಪ್ಯೂಟರಿನ ಮಟ್ಟಿಗೆ ಅಲ್ಲಿ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತಗಳೇ. ಅದರ ಮೇಲೆ ಕನ್ನಡದ ಆಕಾರ ಹೊದಿಸಿರುತ್ತಾರೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಅಕ್ಷರಗಳ ಗೊಂಚಲು ಕಾಣುತ್ತದೆ. ಮೊದಲ ಸಭೆಗಳ ನಡಾವಳಿ, ಮೊದಲ ಸುತ್ತೋಲೆ, ಮೊದಲ ಕನ್ನಡ ಪಠ್ಯಕ್ರಮದ ಕರಡು ಇವೆಲ್ಲ ಹೀಗೇ ಯಾವುದೋ ಸಿಡಿಯಲ್ಲೋ ಹಳೇ ಹಾರ್ಡ್ ಡಿಸ್ಕಿನಲ್ಲೋ ಇರುವ ಸಾಧ್ಯತೆ ಜಾಸ್ತಿ. ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಇವೆ. ಅವು ಅರ್ಕಾವತ್ತು, ಒತ್ತಕ್ಷರಗಳಲ್ಲಿ ಎಡವುತ್ತವೆ. ಹಾಗಾಗಿ ಬದಲಿಸಿದ ಮೇಲೆ ಒಬ್ಬರು ಕೂತು ಓದಬೇಕು. ಹಳೇ ಫೈಲನ್ನೂ ಹಾಗೇ ಇಟ್ಟುಕೊಂಡು, ಅದರ ಪಕ್ಕದಲ್ಲಿ ಹೊಸದನ್ನು ಇಡಬೇಕು.

ಈಗಿನದ್ದು ಇನ್ನೊಂದು ಬಗೆ. ರಾಜ್ಯದ ಹಲವು ಸರ್ಕಾರಿ ವಿಶ್ವವಿದ್ಯಾನಿಲಯಗಳ ಪ್ರವೇಶ, ಪರೀಕ್ಷೆ ಎಲ್ಲ ಯುಯುಸಿಎಂಎಸ್ ಎಂಬ ಒಂದೇ ಆನ್‌ಲೈನ್ ವ್ಯವಸ್ಥೆಗೆ ಬಂದಿವೆ. ಅಂದರೆ ಇವತ್ತಿನ ಪ್ರವೇಶ ರಿಜಿಸ್ಟರ್ ಕಾಲೇಜಿನ ಬೀರುವಿನಲ್ಲೇ ಇಲ್ಲ, ಸರ್ವರಿನಲ್ಲಿದೆ. ಆ ವ್ಯವಸ್ಥೆ ಮುಂದೊಂದು ದಿನ ಬದಲಾದರೆ ಹಳೇ ಮಾಹಿತಿಯ ಒಂದು ಪ್ರತಿ ಯಾವ ರೂಪದಲ್ಲಿ, ಯಾರ ಕೈಯಲ್ಲಿ ಉಳಿಯಬೇಕು ಎಂದು ಈಗಲೇ ಬರೆದಿಡಬೇಕು. ಇನ್ನು ವಾಟ್ಸಾಪ್. 2020ರ ಕೋವಿಡ್ ಕಾಲದಲ್ಲಿ ಪಾಠ, ಸೂಚನೆ, ಹಾಸ್ಟೆಲ್ ಖಾಲಿ ಮಾಡಿಸಿದ್ದು, ನೆಟ್‌ವರ್ಕ್ ಸಿಗದ ಹಳ್ಳಿಯ ಮಕ್ಕಳು ಮೇಷ್ಟ್ರಿಗೆ ಕಳಿಸಿದ ಸಂದೇಶ ಬಹುಪಾಲು ಫೋನಿನಲ್ಲೇ ನಡೆಯಿತು. ಫೋನು ಬದಲಾದವು. ಇನ್ನೂ ಉಳಿಸಿಕೊಂಡವರು ಇದ್ದರೆ, ಗುಂಪಿನವರ ಒಪ್ಪಿಗೆ ಪಡೆದು ಒಂದು ಪ್ರತಿ ತೆಗೆದಿಡುವುದು ಒಳ್ಳೆಯದು.

‘ಸ್ಕ್ಯಾನ್ ಮಾಡಿಬಿಟ್ಟರೆ ಮುಗೀತಲ್ವಾ’ ಎನ್ನುವವರಿಗೆ ಎರಡು ಮಾತು. ಸ್ಕ್ಯಾನ್ ಬೇಕು, ಕಾಗದದ ಬದಲಿಗಲ್ಲ. ಉತ್ತಮ ಗುಣಮಟ್ಟದ ಟಿಐಎಫ್‌ಎಫ್ ಫೈಲು ಭದ್ರವಾಗಿಡಲು, ಹಗುರವಾದ ಪಿಡಿಎಫ್ ನೋಡುವವರಿಗೆ. ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಅದರಲ್ಲಿ ಒಂದು ಬೇರೆ ಊರಿನಲ್ಲಿ. ಪ್ರತಿ ಫೈಲಿಗೂ ಚೆಕ್‌ಸಮ್ ಎಂಬ ಒಂದು ಸಂಖ್ಯೆ ಲೆಕ್ಕ ಹಾಕಿ ಬರೆದಿಡುತ್ತಾರೆ. ಫೈಲಿನಲ್ಲಿ ಒಂದು ಚುಕ್ಕೆಯಷ್ಟು ಬದಲಾದರೂ ಆ ಸಂಖ್ಯೆ ಬೇರೆಯಾಗುತ್ತದೆ. ವರ್ಷಕ್ಕೊಮ್ಮೆ ತಾಳೆ ನೋಡಿದರೆ ಯಾವ ಪ್ರತಿ ಕೆಟ್ಟಿದೆ ಎಂದು ಗೊತ್ತಾಗುತ್ತದೆ. ಇನ್ನು ಅಚ್ಚಾದ ಕನ್ನಡವನ್ನು ಯಂತ್ರ ಈಗ ತಕ್ಕಮಟ್ಟಿಗೆ ಓದುತ್ತದೆ. ಗುಮಾಸ್ತರ ಕೈಬರಹವನ್ನು ಓದಲು ಮನುಷ್ಯರೇ ಬೇಕು.

ಎಲ್ಲರಿಗೂ ತೆರೆದಿಡಬಹುದೇ?

ಇಲ್ಲ, ಎಲ್ಲವನ್ನೂ ಅಲ್ಲ. ಪ್ರವೇಶ ರಿಜಿಸ್ಟರಿನಲ್ಲಿ ಜಾತಿ ಇದೆ, ಆದಾಯ ಇದೆ. ಶಿಸ್ತುಕ್ರಮದ ಫೈಲಿನಲ್ಲಿ ಹದಿನೆಂಟು ವರ್ಷದ ಹುಡುಗನ ತಪ್ಪು ಇದೆ. ಆತ ಈಗ ಯಾರದೋ ತಾತ. ಬದುಕಿರುವವರ ಖಾಸಗಿ ಮಾಹಿತಿ ಇರುವ ಸಾಲುಗಳನ್ನು ಇಂತಿಷ್ಟು ವರ್ಷ ಮುಚ್ಚಿಡುವುದು, ಸಂಶೋಧಕರಿಗೆ ಹೆಸರು ತೆಗೆದು ಕೊಡುವುದು ಪತ್ರಾಗಾರಗಳ ರೂಢಿ. ಆದರೆ ಆ ಅವಧಿ ಎಷ್ಟು ಎಂದು ಮೊದಲೇ ಬರೆದು ಪ್ರಕಟಿಸಬೇಕು. ಕೇಳಿದವರ ಮುಖ ನೋಡಿ ನಿರ್ಧರಿಸುವ ಹಾಗಿರಬಾರದು.

ಹಾಡು, ಸಂದರ್ಶನಗಳಲ್ಲಿ ಇದು ಇನ್ನೂ ಸೂಕ್ಷ್ಮ. ಅಡುಗೆಯವರು, ಅಟೆಂಡರು, ಗೇಟಿನ ಕಾವಲಿನವರು, ಮೊದಲ ತಂಡದ ವಿದ್ಯಾರ್ಥಿನಿಯರು ಯಾವ ಫೈಲಿನಲ್ಲೂ ಮಾತಾಡಿರುವುದಿಲ್ಲ. ಅವರ ಮಾತನ್ನು ಕೂತು ಕೇಳಿ ಧ್ವನಿಮುದ್ರಿಸಿದರೆ ಮಾತ್ರ ಸಿಗುತ್ತದೆ. ಮುದ್ರಿಸುವ ಮುಂಚೆ ಇದನ್ನು ಎಲ್ಲಿ ಇಡುತ್ತೇವೆ, ಯಾರು ಕೇಳುತ್ತಾರೆ ಎಂದು ಅವರದೇ ಮಾತಿನಲ್ಲಿ ವಿವರಿಸಬೇಕು. ‘ಅದೊಂದು ಬೇಡ ಕಣಪ್ಪ, ತೆಗೆದುಬಿಡು’ ಅಂದರೆ ತೆಗೆಯಲೇಬೇಕು. ಮುದ್ರಿಸಿದ ಒಂದು ಪ್ರತಿ ಅವರ ಮನೆಗೂ ಹೋಗಬೇಕು. ಹಟ್ಟಿಯಲ್ಲಿ ಹಾಡಿದ ಹಾಡಿನ ಪ್ರತಿ ಆ ಹಟ್ಟಿಗೆ ಸಿಗದೆ ಬರೀ ಕ್ಯಾಂಪಸ್ಸಿನ ಬೀರುವಿನಲ್ಲಿ ಇದ್ದರೆ ಅದು ನ್ಯಾಯವಲ್ಲ.

ಮನೆಯಲ್ಲಿ ಕಾಗದ ಇಟ್ಟುಕೊಂಡವರಿಗೂ ಹಕ್ಕುಗಳಿವೆ. ಕೊಡುವಾಗ ದಾನಪತ್ರ ಬರೆಸಿಕೊಳ್ಳಿ. ಮೂಲವನ್ನೇ ಕೊಡುತ್ತೀರೋ, ಸ್ಕ್ಯಾನ್ ಮಾಡಿಸಿ ವಾಪಸ್ ಪಡೆಯುತ್ತೀರೋ, ಯಾವ ಪತ್ರಗಳನ್ನು ಎಷ್ಟು ವರ್ಷ ಮುಚ್ಚಿಡಬೇಕು, ಪ್ರಕಟಿಸುವ ಹಕ್ಕು ಯಾರದು ಎಂಬುದೆಲ್ಲ ಅದರಲ್ಲಿರಲಿ. ಕೊಡುವ ಮೊದಲು ನೀವೇ ಶುಚಿ ಮಾಡಿ ವಿಂಗಡಿಸಲು ಹೋಗಬೇಡಿ. ಟ್ರಂಕಿನಲ್ಲಿ ಹೇಗಿತ್ತೋ ಹಾಗೇ ಕೊಡಿ. ಗುಂಪು ಫೋಟೊ ಇದ್ದರೆ ಅದರ ದೊಡ್ಡ ಜೆರಾಕ್ಸ್ ಮಾಡಿಸಿ, ಪ್ರತಿ ತಲೆಯ ಮೇಲೂ ನಂಬರ್ ಹಾಕಿ, ಮನೆಯ ಹಿರಿಯರನ್ನು ಕೂರಿಸಿಕೊಂಡು ಹೆಸರು ಬರೆದುಕೊಳ್ಳಿ. ಗೊತ್ತಿಲ್ಲದವರ ಮುಂದೆ ಖಾಲಿ ಬಿಡಿ. ಅಂದಾಜಿನ ಹೆಸರು ಬೇಡ. ಹಿರಿಯರು ನೆನಪಿಟ್ಟುಕೊಂಡಿರುವ ತನಕ ಮಾತ್ರ ಈ ಕೆಲಸ ಸಾಧ್ಯ, ಹಾಗಾಗಿ ಇದನ್ನು ಮುಂದಕ್ಕೆ ಹಾಕಬೇಡಿ.

ವಿಶ್ವವಿದ್ಯಾನಿಲಯದ ಮಟ್ಟದಲ್ಲಿ ಮೊದಲ ಹೆಜ್ಜೆ ದೊಡ್ಡದೇನೂ ಅಲ್ಲ. ಸಿಂಡಿಕೇಟಿನ ಒಂದು ತೀರ್ಮಾನ, ಒಂದು ಕೋಣೆ, ತರಬೇತಿ ಪಡೆದ ಒಬ್ಬರು, ಒಂದು ಸ್ವೀಕೃತಿ ರಿಜಿಸ್ಟರ್. ಕಟ್ಟಡ, ಸ್ಕ್ಯಾನರ್ ಆಮೇಲೆ ಬರಲಿ. ಸಮಯ ಮಾತ್ರ ಮುಖ್ಯ. ಬಿ.ಎಚ್. ರಸ್ತೆಯ ಹಳೇ ಆವರಣದ ಜೊತೆಗೆ ಈಗ ಬಿದರೆಕಟ್ಟೆಯಲ್ಲಿ ಹೊಸ ಕ್ಯಾಂಪಸ್ ಇದೆ. ಜಾಗ ಬದಲಾಯಿಸುವ ದಿನಗಳಲ್ಲಿ ಹೋಗುವಷ್ಟು ಕಾಗದ ಗೆದ್ದಲಿನಿಂದಲೂ ಹೋಗುವುದಿಲ್ಲ. ಹಾಗಾಗಿ ಯಾವ ವಿಭಾಗದ ಸಾಮಾನು ಲಾರಿಗೆ ಏರುವ ಮುಂಚೆಯೂ ಇಬ್ಬರು ಹೋಗಿ ಬೀರು ಬೀರು ತೆರೆದು, ಯಾವ ಹಲಗೆಯಲ್ಲಿ ಯಾವ ವರ್ಷದ ಏನಿದೆ ಎಂದು ಫೋಟೊ ಸಮೇತ ಪಟ್ಟಿ ಮಾಡಬೇಕು. ಆ ಪಟ್ಟಿಗೆ ಕುಲಸಚಿವರ ಸಹಿ ಬೀಳುವ ತನಕ ಒಂದು ಹಾಳೆಯನ್ನೂ ರದ್ದಿಗೆ ಹಾಕುವಂತಿಲ್ಲ ಎಂದು ಸುತ್ತೋಲೆ ಹೊರಡಿಸಬೇಕು.